ಕೊಳವೆ ದಾರಿಯಲ್ಲಿ ಒಂದು ಪಾತಿದೋಣಿ

ನಾನು ಒಂದು ಪಾತಿದೋಣಿ. ಹಲಗೆ ಜೋಡಿಸಿ ಕಟ್ಟಿದ್ದಲ್ಲ, ಒಂದೇ ಮಾವಿನ ದಿಮ್ಮಿಯ ಹೊಟ್ಟೆ ಕೊರೆದು ಮಾಡಿದ್ದು. ತಾರಿಕೊಡ್ಲಿನ ಕೃಷ್ಣ ಆಚಾರಿ ಬಾಚಿ ಹಿಡಿದು ಬೇಸಿಗೆಯಿಡೀ ನನ್ನನ್ನು ಕೆತ್ತಿದ. ತಳ ಎಷ್ಟು ತೆಳುವಾಯಿತೆಂದು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳುತ್ತಿದ್ದ. ಕೊನೆಗೊಂದು ದಿನ ನಾಲ್ಕಾರು ಜನ ಹೊತ್ತು ತಂದು ಹೊಳೆಗೆ ಇಳಿಸಿದರು. ನೀರು ತಣ್ಣಗೆ ಮೈಗೆ ತಾಗಿದ ಆ ಗಳಿಗೆಯನ್ನೇ ನನ್ನ ಹುಟ್ಟು ಎಂದುಕೊಂಡಿದ್ದೇನೆ.

ತಾರಿಕೊಡ್ಲು ಹೊಳೆ ಕಡಲಿಗೆ ಸೇರುವ ಅಳಿವೆಯ ದಂಡೆಯ ಊರು. ನನ್ನನ್ನು ಮಾಡಿಸಿದವನು ಬೊಮ್ಮಯ್ಯ ಅಂಬಿಗ. ಈ ದಡದವರನ್ನು ಆ ದಡಕ್ಕೆ ದಾಟಿಸುವುದು ಅವನ ಕಸುಬು. ಅವನ ಕೈ ಸೋತ ಮೇಲೆ ಮಗ ಜಟ್ಟಿ ಹುಟ್ಟು ಹಿಡಿದ. ಜಟ್ಟಿ ಮಾತಿನ ಮಲ್ಲ. ದಡ ಬಿಟ್ಟು ದಡ ಮುಟ್ಟುವುದರೊಳಗೆ ಎದುರು ಕೂತವರ ಮನೆಯ ಸುದ್ದಿಯನ್ನೆಲ್ಲ ಕೇಳಿ ಮುಗಿಸುತ್ತಿದ್ದ. ಶಾಲೆಯ ಮೇಷ್ಟ್ರು, ಹೆರಿಗೆಗೆ ಹೊರಟ ಹೆಂಗಸರು, ಕಾಲು ಕಟ್ಟಿದ ಕರು, ಎಲ್ಲರನ್ನೂ ನಾನು ಹೊತ್ತಿದ್ದೇನೆ. ಜಟ್ಟಿಯ ಹೆಂಡತಿ ಮಾದೇವಿ ಮದುವೆಯ ಸೀರೆ ಒದ್ದೆಯಾಗದ ಹಾಗೆ ಮುದುರಿಕೊಂಡು ಈ ಊರಿಗೆ ಬಂದದ್ದೂ ನನ್ನಲ್ಲೇ.

ಆಮೇಲೆ ಸೇತುವೆ ಬಂತು. ಜನ ಬಸ್ಸಿನಲ್ಲಿ ನಮ್ಮ ತಲೆಯ ಮೇಲೆಯೇ ದಾಟಿಹೋದರು. ಜಟ್ಟಿ ಕೆಲವು ದಿನ ಹುಟ್ಟು ಹಿಡಿದು ದಡದಲ್ಲೇ ಕೂತ. ಮಾತು ಕಡಿಮೆಯಾಯಿತು. ಕೂತಲ್ಲೇ ಕೂತ ಗಂಡನನ್ನು ನೋಡಿ ನೋಡಿ ಮಾದೇವಿ ಒಂದು ಬೆಳಿಗ್ಗೆ ಬುಟ್ಟಿಯನ್ನು ನನ್ನೊಳಗೆ ಎಸೆದಳು.

"ದೋಣಿ ಸುಮ್ಮನೆ ಒಣಗಿ ಬಿರೀತದೆ. ನಾನು ಬಳಚಿಗೆ ಹೋಗ್ತೆ."

ಬಳಚು ಅಂದರೆ ಹೊಳೆಯ ಕೆಸರಲ್ಲಿ ಬೆಳೆಯುವ ಚಿಪ್ಪಿನ ಜೀವ. ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಲ್ಲಿ ನಿಂತು ಕಾಲ ಬೆರಳಿನಿಂದ ತಡಕಿ ಅದನ್ನು ಹೆಕ್ಕುತ್ತಾರೆ. ತಿಂದು ಉಳಿದದ್ದು ಲಾರಿಯಲ್ಲಿ ಗೋವಾ ಕಡೆಗೆ ಹೋಗುತ್ತದೆ. ಖಾಲಿ ಚಿಪ್ಪು ಸುಣ್ಣದ ಗೂಡಿಗೆ. ಗದ್ದೆ ಇಲ್ಲದವರಿಗೆಲ್ಲ ಆ ಹೊಳೆಯೇ ಗದ್ದೆ. ಮಾದೇವಿಯ ಕೈಯಲ್ಲಿ ನಾನು ಮತ್ತೆ ಮನೆ ನಡೆಸುವ ದೋಣಿಯಾದೆ. ಅವಳು ಜಟ್ಟಿಯ ಹಾಗೆ ಮಾತಾಡುತ್ತಿರಲಿಲ್ಲ, ಆದರೆ ದಡಕ್ಕೆ ಕಟ್ಟುವಾಗ ನನ್ನ ಅಂಚನ್ನು ಒಮ್ಮೆ ಸವರದೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಅಳಿವೆಯ ಉದ್ದಕ್ಕೂ ಕೆಂಪು ಬಾವುಟಗಳು ಬಂದವು. ದೊಡ್ಡ ಹಡಗು ಕಡಲಲ್ಲೇ ನಿಲ್ಲುತ್ತದಂತೆ, ಅದರ ಕಚ್ಚಾ ಎಣ್ಣೆ ಪೈಪಿನಲ್ಲಿ ಅಳಿವೆಯ ಅಡಿಯಿಂದ ಬಂದು, ಗುಡ್ಡದ ಬುಡದ ಟ್ಯಾಂಕುಗಳಿಗೆ ತುಂಬಿ, ಅಲ್ಲಿಂದ ಘಟ್ಟ ಹತ್ತುತ್ತದಂತೆ. ಸರ್ವೆಗೆ ಬಂದ ಎಂಜಿನಿಯರು ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯವರು, ಈಜು ಬಾರದವರು. ನನ್ನಲ್ಲಿ ಕೂತರೆ ಎರಡೂ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಒಮ್ಮೆ ಅವರನ್ನು ಅಳಿವೆಯ ನಡುವಿಗೆ ಕರೆದೊಯ್ಯುವಾಗ ಮಾದೇವಿ ಕೇಳಿಯೇ ಬಿಟ್ಟಳು.

"ಆ ಪೈಪು ಸೋರಿದ್ರೆ ಎಂತ ಮಾಡ್ತ್ರಿ ಸಾಯ್ಬ್ರೆ?"

"ದೊಡ್ಡದಾಗಿ ಸೋರಿದ್ರೆ ಒತ್ತಡ ಇಳಿಯುತ್ತಮ್ಮ. ಕಂಟ್ರೋಲ್ ರೂಮಲ್ಲಿ ಕೂಡ್ಲೇ ಗೊತ್ತಾಗುತ್ತೆ, ವಾಲ್ವ್ ಮುಚ್ಚಿಬಿಡ್ತಾರೆ."

"ಸಣ್ಣಕೆ ಸೋರಿದ್ರೆ?"

ಅವರು ನೀರನ್ನೇ ನೋಡಿದರು. "ಸಣ್ಣದು ಮೀಟರಿಗೆ ಸಿಗದೇ ಹೋಗಬಹುದು. ನೀರಿನ ಮೇಲೆ ಎಣ್ಣೆ ಕಂಡವರು ಯಾರಾದ್ರೂ ಫೋನ್ ಮಾಡಿ ಹೇಳ್ಬೇಕು."

"ಯಾರಾದ್ರೂ ಅಂದ್ರೆ ನಾವೇ."

"ಹೌದಮ್ಮ. ನೀವೇ."

ಸುಳ್ಳು ಹೇಳುವ ಮನುಷ್ಯ ಆಗಿದ್ದರೆ ಬೈದಾದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಅವರು ನಿಜ ಹೇಳಿದ್ದರಿಂದ ಅವಳಿಗೆ ಹೆದರಿಕೆ ಹತ್ತಿತು. ದೋಣಿ ನೂಕುವ ಜಲ್ಲೆ ಊರುವ ಅವಳ ಕೈ ದಾರಿಯಿಡೀ ನಿಧಾನವಾಗಿತ್ತು.

ಊರು ಎರಡಾಯಿತು. ಟ್ಯಾಂಕಿನ ಜಾಗದ ಗದ್ದೆಯವರಿಗೆ ಪರಿಹಾರದ ಮಾತಿತ್ತು. ಬಳಚು ಹೆಕ್ಕುವವರಿಗೆ ಏನೂ ಇರಲಿಲ್ಲ, ಹೊಳೆಯ ತಳಕ್ಕೆ ಯಾರ ಹೆಸರಲ್ಲೂ ಪಹಣಿ ಇಲ್ಲವಲ್ಲ. ಮಣ್ಣು ಪರೀಕ್ಷೆಗೆ ಚಪ್ಪಟೆ ತಳದ ದೊಡ್ಡ ಬಾರ್ಜ್ ದೋಣಿ ಬಂದು ನಡುಹೊಳೆಯಲ್ಲಿ ನಿಂತಾಗ ಜಟ್ಟಿ ಅದಕ್ಕೆ ಕಾವಲಿನವನಾಗಿ ಸೇರಿದ. ನೀಲಿ ಟೋಪಿ ಕೊಟ್ಟರು. ಸಾಮಾನು ಸಾಗಿಸಲು ನನ್ನನ್ನೂ ಬಾಡಿಗೆಗೆ ತೆಗೆದುಕೊಂಡರು. ನನ್ನ ಹಗ್ಗ ಬಿಚ್ಚಲು ಬಂದ ಗಂಡನಿಗೆ ಮಾದೇವಿ ಅಡ್ಡ ನಿಂತಳು.

"ಪೈಪು ಹುಗಿದು ಮುಗಿದ ಮೇಲೆ ನಿಮಗೆಂತ ಕೆಲಸ ಇರ್ತದೆ? ಅಷ್ಟರೊಳಗೆ ಹೊಳೆ ಹಾಳಾದ್ರೆ ನನ್ನದೂ ಹೋಯ್ತು."

"ಸೇತುವೆ ಬರುವಾಗ ನನ್ನನ್ನ ಯಾರಾದ್ರೂ ಕೇಳಿದ್ರಾ? ಇದೂ ಕೇಳದೇ ಬರ್ತದೆ. ಬರೋದೇ ಆದ್ರೆ ನಾನು ಹೊರಗೆ ನಿಂತು ನೋಡೋದಿಲ್ಲ ಮಾರಾಯ್ತಿ, ಒಳಗಿರ್ತೆ."

ಅವಳು ಬದಿಗೆ ಸರಿದಳು. ಅವನ ಬಾಯಿಗೆ ಮಾತು ಮರಳಿ ಬಂದದ್ದು ಅವಳಿಗೂ ಕಂಡಿರಬೇಕು.

ನಾನು ದಿನಾ ಡೀಸೆಲ್ ಪೀಪಾಯಿ ಹೊತ್ತು ಬಾರ್ಜಿಗೆ ಹೋಗತೊಡಗಿದೆ. ಒಂದು ಮಧ್ಯಾಹ್ನ ನನ್ನಿಂದ ಮೇಲಕ್ಕೆ ಪೀಪಾಯಿ ಎಳೆಯುತ್ತಿದ್ದರು. ಕೆಳಗೆ ನಿಂತು ಆನಿಸಿ ಹಿಡಿದಿದ್ದವನು ಜಟ್ಟಿ.

"ಸರ್, ಹಗ್ಗ ಸವೆದದೆ. ಬೇರೆ ತರ್ತೆ," ಎಂದು ಕೂಗಿದ.

ಮೇಲಿದ್ದ ಗುತ್ತಿಗೆದಾರನ ಸೂಪರ್‌ವೈಸರ್ ಗಡಿಬಿಡಿಯಲ್ಲಿದ್ದ. "ಇಳಿತ ಶುರುವಾದ್ರೆ ಬಾರ್ಜ್ ಕೆಸರಲ್ಲಿ ಕೂರುತ್ತೆ. ಮೊದ್ಲು ಎಳೀರಿ!"

ಹಗ್ಗ ಹರಿಯಿತು. ಪೀಪಾಯಿ ನನ್ನ ಅಂಚಿಗೆ ಅಪ್ಪಳಿಸಿ, ಬಿರಡೆ ಹಾರಿ, ಅರ್ಧ ನನ್ನೊಳಗೂ ಅರ್ಧ ಹೊಳೆಗೂ ಸುರಿಯಿತು. ನನ್ನ ಮೈ ಸೀಳಿತು. ಆ ಸೀಳಿನಲ್ಲಿ ಡೀಸೆಲ್ ಮರದ ಎಳೆಎಳೆಗೂ ಇಳಿಯಿತು. ಎಣ್ಣೆ ಇಳಿತದ ಜೊತೆಗೆ ಬಣ್ಣಬಣ್ಣವಾಗಿ ಹರಡುತ್ತ ಬಳಚಿನ ಹಾಸಿನ ಕಡೆಗೇ ಹೋಯಿತು.

"ಇಷ್ಟೇ ತಾನೆ, ಹೊಳೆ ತೊಳ್ಕೊಂಡು ಹೋಗುತ್ತೆ. ಊರಲ್ಲಿ ಬಾಯಿ ಬಿಡಬೇಡ," ಎಂದ ಸೂಪರ್‌ವೈಸರ್.

ಜಟ್ಟಿ ನನ್ನನ್ನು ದಡಕ್ಕೆ ತಂದು ಮರಳು ಹಾಕಿ ತಿಕ್ಕಿದ. ತಿಕ್ಕಿದಷ್ಟೂ ವಾಸನೆ ಎದ್ದಿತು. ಮಾದೇವಿ ಬಂದು ನೋಡಿದಳು. ಅವನ ಅಂಗಿ ಮೂಸಿದಳು. "ಎಂತಾ ಆತು?" ಎಂದಳು. ಅವನು ತಲೆಯೆತ್ತದೆ ತಿಕ್ಕುತ್ತಲೇ ಇದ್ದ.

ಮರುದಿನದ ಇಳಿತಕ್ಕೆ ಬಳಚುಗಳು ಬಾಯಿ ತೆರೆದು ಬಿದ್ದಿದ್ದವು. ಬದುಕಿದ್ದನ್ನು ಬೇಯಿಸಿದರೆ ಸೀಮೆಎಣ್ಣೆ ನಾತ. ಗೋವಾಕ್ಕೆ ಹೋದ ಲಾರಿ ಮೂಟೆಗಳ ಸಮೇತ ವಾಪಸು ಬಂತು. ಎಣ್ಣೆ ಮುಟ್ಟಿದ್ದು ಒಂದು ಹಾಸನ್ನು ಮಾತ್ರ. ಆದರೆ ಮೇಲ್ಹೊಳೆಯ ಒಳ್ಳೆಯ ಬಳಚನ್ನೂ ಯಾರೂ ಕೊಳ್ಳಲಿಲ್ಲ. ಅಳಿವೆಯದ್ದು ಎಂದರೆ ಸಾಕು, ಲಾರಿಯವರು ಬಾಗಿಲೇ ತೆಗೆಯುತ್ತಿರಲಿಲ್ಲ. ಹೆಂಗಸರು ಖಾಲಿ ಬುಟ್ಟಿ ಮಗುಚಿ ಹಾಕಿ ದಡದಲ್ಲಿ ಕೂತರು. ಹಿಂದೆ ಜಟ್ಟಿ ಕೂತದ್ದೂ ಹಾಗೆಯೇ.

ಪೈಪಿನ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆದದ್ದು ದೋಣಿ ನಿಲ್ಲುವ ದಕ್ಕೆಯ ಬಯಲಿನಲ್ಲಿ. ನಾನು ಅಲ್ಲೇ ಒಂದು ಬದಿಗೆ ಮಗುಚಿ ಬಿದ್ದಿದ್ದೆ. ಬೆಳಿಗ್ಗೆ ಗಂಡಹೆಂಡಿರಿಬ್ಬರೂ ನನ್ನ ಹತ್ತಿರ ನಿಂತಿದ್ದರು. ಪೀಪಾಯಿ ಬಿದ್ದದ್ದನ್ನು ಜಟ್ಟಿ ಅಷ್ಟರೊಳಗೆ ಅವಳೊಬ್ಬಳಿಗೆ ಹೇಳಿದ್ದ.

"ನೀವೇ ಎದ್ದು ಹೇಳಿದ್ರೆ ನಾನು ಸುಮ್ಮನಿರ್ತೆ," ಎಂದಳು ಮಾದೇವಿ.

ಜಟ್ಟಿ ಟೋಪಿ ಸರಿಮಾಡಿಕೊಂಡು ಕಂಪನಿಯವರ ಸಾಲಿಗೆ ಹೋಗಿ ಕೂತ.

ವೇದಿಕೆಯಲ್ಲಿ ಕಂಪನಿಯ ಪರ ಮಾತಾಡಿದವನು ನಯವಾಗಿ ಹೇಳಿದ: ಆ ಎಣ್ಣೆ ಮೀನಿನ ಬೋಟುಗಳದ್ದು, ಯೋಜನೆಗೂ ಅದಕ್ಕೂ ಸಂಬಂಧವಿಲ್ಲ. ಮಾದೇವಿ ಎದ್ದಳು. ಮೈಕು ಹಿಡಿದಳು. ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಬೋಟಿಂದಲ್ಲ. ಬಾರ್ಜಿಂದು," ಎಂದಳು. "ಪೀಪಾಯಿ ಬಿದ್ದ ದೋಣಿ ಅಲ್ಲಿ ಅದೆ, ಹೋಗಿ ಮೂಸಿ ನೋಡಿ. ದೋಣಿ ನಮ್ಮದೇ. ಪೀಪಾಯಿ ಹಿಡಿದಿದ್ದವರು ನನ್ನ ಗಂಡ."

ಅಧಿಕಾರಿಯೊಬ್ಬರು ಇಳಿದು ಬಂದು ನನ್ನ ಸೀಳಿಗೆ ಕೈಯಿಟ್ಟರು, ಕೈ ಮೂಸಿದರು. ಹಿಂದೆ ನಿಂತಿದ್ದ ತಿಪ್ಪೇಸ್ವಾಮಿ ಕಣ್ಣು ಮುಚ್ಚಿಕೊಂಡರು.

ಗೆದ್ದೆವೆಂದು ಹೆಂಗಸರು ಕೂಗಿದರು. ಆದದ್ದೇ ಬೇರೆ. ಕಾವಲಿನವನ ಅಜಾಗರೂಕತೆ ಎಂದು ವರದಿ ಬಂತು. ಜಟ್ಟಿಯ ಟೋಪಿ ಕಿತ್ತುಕೊಂಡರು, ಅವನನ್ನು ಠಾಣೆಗೆ ಅಲೆದಾಡಿಸಿದರು. ಸವೆದ ಹಗ್ಗದ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಪೈಪಿನ ಯೋಜನೆ ರದ್ದಾಗಲೂ ಇಲ್ಲ, ಶುರುವಾಗಲೂ ಇಲ್ಲ. ಮರುಪರಿಶೀಲನೆ ಎಂಬ ಮಾತಿನಲ್ಲಿ ತೂಗಾಡುತ್ತ ಉಳಿಯಿತು. ಬರುವ ಎಣ್ಣೆಗೆ ಹೆದರಿ ಯಾರೂ ಗದ್ದೆ ಕೊಳ್ಳಲಿಲ್ಲ, ಹೊಸ ದೋಣಿ ಮಾಡಿಸಲಿಲ್ಲ.

ಜಟ್ಟಿ ಹೆಂಡತಿಯ ಹತ್ತಿರ ಮಾತು ಬಿಟ್ಟ. ನನ್ನನ್ನು ಸುಣ್ಣದ ಗೂಡಿನ ಪೆದ್ರುವಿಗೆ ಸೌದೆಗೆಂದು ಮಾರಿದ. ಪೆದ್ರು ನನ್ನ ಹಿಂಬದಿಯ ತುಂಡೊಂದನ್ನು ಕಡಿದು ಉರಿಗೆ ಹಾಕಿದ. ಕಪ್ಪು ಹೊಗೆಯೆದ್ದು ಸುಣ್ಣವೆಲ್ಲ ಮಸಿಯಾಯಿತು. "ಇದು ಸೌದೆಗೂ ಬೇಡಪ್ಪ," ಎಂದು ನನ್ನನ್ನು ಗೂಡಿನ ಹಿಂದಕ್ಕೆ ಎಳೆದು ಹಾಕಿದ. ಈಗ ಚಿಪ್ಪು ಬರದೆ ಗೂಡೂ ತಣ್ಣಗಾಗಿದೆ.

ಮಳೆ ಬಂದಾಗ ನನ್ನಿಂದ ಇನ್ನೂ ಎಣ್ಣೆ ಒಸರುತ್ತದೆ. ನಾನು ಕುಡಿದದ್ದು ಅರ್ಧ ಪೀಪಾಯಿ. ಪೈಪಿನಲ್ಲಿ ಹಗಲೂ ಇರುಳೂ ಬಿಡದೆ ಹರಿಯುತ್ತದಂತಲ್ಲ, ಅದನ್ನು ನೆನೆದರೆ ನನಗಿಂತ ಹೊಳೆಯ ಮೇಲೆ ಮರುಕ ಬರುತ್ತದೆ. ನಾನು ದಡಕ್ಕೆ ಬಂದು ಬಿದ್ದೆ. ಹೊಳೆ ಎಲ್ಲಿಗೆ ಹೋಗಬೇಕು?

ಇಲ್ಲಿಂದ ಬಳಚಿನ ಹಾಸು ಕಾಣುತ್ತದೆ. ಮಾದೇವಿ ದಿನಾ ಇಳಿತಕ್ಕೆ ಒಬ್ಬಳೇ ಬಂದು ಕಾಲಿಂದ ತಡಕಿ ಹೋಗುತ್ತಾಳೆ. ಮೊನ್ನೆ ಅವಳ ಹಿಂದೆ ಜಟ್ಟಿಯೂ ಬಂದ. ದಡದಲ್ಲಿ ತುಸು ನಿಂತ, ಆಮೇಲೆ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಇಬ್ಬರೂ ದೂರದೂರ ನಿಂತು ತಡಕಿದರು.

"ಮಾದೇವಿ," ಎಂದು ಕೂಗಿದ. "ಇಲ್ಲಿ ಮರಿ ಅದೆ."

ಅವಳು ನೀರು ಸೀಳಿಕೊಂಡು ಬಂದಳು. ಅವನ ಅಂಗೈಯಲ್ಲಿ ಉಗುರಿನಷ್ಟು ಬಳಚುಗಳು. ಅವಳು ಬಗ್ಗಿ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ನಾತ ಇಲ್ಲ," ಎಂದಳು.

"ದೊಡ್ಡ ಆಗೋಕೆ ಬಿಡ್ತಾರಾ?"

ಅವಳು ಅವನ ಕೈಯನ್ನು ಹಿಡಿದು ಮೆಲ್ಲಗೆ ನೀರೊಳಗೆ ಮುಳುಗಿಸಿದಳು, ಮರಿಗಳು ಕೆಸರಿಗೆ ಇಳಿಯುವ ತನಕ ಹಾಗೆಯೇ ಹಿಡಿದುಕೊಂಡಿದ್ದಳು.