ಖಾಲಿ ತಟ್ಟೆಯ ತೂಕ

ಪೋಷಣಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಅವಳಿಗೆ ಪ್ರಬಂಧಕ್ಕಾಗಿ ಆಸ್ಪತ್ರೆಯಲ್ಲಿ ಎಂಜಲು ತೂಗುವುದೇ ಕೆಲಸ. ಬಡಿಸಿದ ತಟ್ಟೆಯನ್ನೊಮ್ಮೆ ತೂಗಬೇಕು, ಉಂಡ ಮೇಲೆ ಇನ್ನೊಮ್ಮೆ. ಕಳೆದರೆ ಸಿಗುವುದು ರೋಗಿ ತಿಂದದ್ದು. "ಎಂಜಲು ತೂಗೋಕೂ ಡಿಗ್ರಿ ಬೇಕೇನೇ?" ಎಂದು ಅಣ್ಣ ಗೇಲಿ ಮಾಡುತ್ತಿದ್ದ.

ಮೂಲೆ ಮಂಚದ ಅಜ್ಜಿಯ ತಟ್ಟೆ ದಿನವೂ ತೊಳೆದಿಟ್ಟ ಹಾಗೆ ವಾಪಸ್ ಬರುತ್ತಿತ್ತು. ಮೊಟ್ಟೆ, ಹಾಲು ಸೇರಿಸಿ ತಾವು ಗೊತ್ತುಮಾಡಿದ ಹೊಸ ಊಟ ಗೆದ್ದಿತೆಂದು ಪ್ರಬಂಧದ ಮಾರ್ಗದರ್ಶಕರಾದ ಪ್ರೊಫೆಸರು ಹಿರಿಹಿರಿ ಹಿಗ್ಗಿದ್ದರು. ಅಜ್ಜಿ ಮಾತ್ರ ಸೊರಗುತ್ತಲೇ ಇದ್ದಳು.

ಅವತ್ತು ಮಧ್ಯಾಹ್ನ ಊಟ ಕೊಟ್ಟ ಮೇಲೆ ಅವಳು ಬಾಗಿಲಲ್ಲೇ ನಿಂತು ನೋಡಿದಳು. ಅಜ್ಜಿಯ ಸೊಸೆ ಮಂಚದ ಮರೆಯಲ್ಲಿ ಕೂತು ಮೊಟ್ಟೆ ನುಂಗುತ್ತಿದ್ದಳು. ಇವಳಿಗೆ ಪಿತ್ತ ನೆತ್ತಿಗೇರಿತು.

"ನಾಚಿಕೆ ಆಗಲ್ವಾ? ಕಾಯಿಲೆಯವರ ತುತ್ತು ಕಿತ್ಕೊಂಡು ತಿಂತಿದ್ದೀರಲ್ಲ!"

ಸೊಸೆ ಸೆರಗಿನಿಂದ ಬಾಯೊರೆಸಿಕೊಂಡು ಎದ್ದು ನಿಂತಳು. ತುಂಬಿದ ಬಸುರಿ.

"ಅವಳನ್ನ ಬೈಬೇಡಮ್ಮ, ಕೊಟ್ಟೋಳು ನಾನು," ಅಂದಳು ಅಜ್ಜಿ. "ನೋಡ್ಕೊಳ್ಳೋಕೆ ಬಂದೋರಿಗೆ ಇಲ್ಲಿ ಊಟ ಇಲ್ಲ. ಬಸುರಿ ಹುಡುಗಿ ಹಸ್ಕೊಂಡು ಎದುರಿಗೆ ಕೂತಿದ್ರೆ ನನ್ನ ಗಂಟಲಲ್ಲಿ ಇಳಿಯುತ್ತಾ? ಈ ವಾರ್ಡಲ್ಲಿ ಎಲ್ರದ್ದೂ ಇದೇ ಕಥೆ."

ಅವಳು ಸೊಸೆಗೆ ತಪ್ಪಾಯ್ತೆಂದಳು. ಸಿಟ್ಟು ಮಾತ್ರ ಇಳಿಯಲಿಲ್ಲ. ದಾರಿ ಬದಲಿಸಿ ಪ್ರೊಫೆಸರ ಕೋಣೆಗೆ ನುಗ್ಗಿತು. ಅವರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

"ಸರ್, ನಮ್ಮ ಲೆಕ್ಕ ಪೂರ್ತಿ ಸುಳ್ಳು. ರೋಗಿ ಜೊತೆಗಿರೋರೂ ಅದ್ರಲ್ಲೇ ತಿಂತಿದ್ದಾರೆ. ಅವ್ರಿಗೂ ಊಟ ಕೊಡ್ಬೇಕು ಅಂತ ಪ್ರಬಂಧದಲ್ಲಿ ಬರೀತೀನಿ."

"ಅವ್ರ ಹೊಟ್ಟೆ ನಮ್ಮ ವಿಷಯ ಅಲ್ಲಮ್ಮ. ತಟ್ಟೆ ಖಾಲಿ ಆಗಿದೆ ತಾನೆ? ಹಾಗೇ ಬರಿ. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ."

ಸಹಿ ಇಲ್ಲದೆ ಡಿಗ್ರಿ ಇಲ್ಲ. ಕೈಗೆ ಬಂದ ತುತ್ತು ಬಾಯಿಗಿಲ್ಲ ಅಂದರೆ ಇದೇ. ಹೊಟ್ಟೆಗೆ ಹಿಟ್ಟಿಲ್ಲದ ವಾರ್ಡಿನ ಜುಟ್ಟಿಗೆ ಮಲ್ಲಿಗೆ ಮುಡಿಸಲು ತಾನು ಇಷ್ಟು ಓದಬೇಕಿತ್ತೇ? ಕುರ್ಚಿ ಎಳೆದು ಅವರೆದುರೇ ಕೂತಳು.

"ಊಟ ಮಾಡಿ ಸರ್. ಬೆಳಗ್ಗೆಯಿಂದ ನಾನೂ ಏನೂ ತಿಂದಿಲ್ಲ. ಹೀಗೇ ನೋಡ್ತಾ ಕೂತಿರ್ತೀನಿ."

ಅವರು ತುತ್ತೆತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಕೊನೆಗೆ ಸಿಡುಕುತ್ತಲೇ ಡಬ್ಬಿ ಅವಳತ್ತ ತಳ್ಳಿದರು. "ತಗೋ ಮಾರಾಯ್ತಿ, ಅರ್ಧ ತಿನ್ನು!"

ಅವಳು ಮುಟ್ಟಲಿಲ್ಲ.

"ಈ ಡಬ್ಬಿ ಖಾಲಿ ಆದ್ರೆ ಯಾರು ತಿಂದ್ರು ಅಂತ ಬರೀಲಿ ಸರ್? ಸಹಿ ಹಾಕಿ, ಇಲ್ಲಾ ಬಿಡಿ. ನಾನು ಬರೆಯೋದು ಇದನ್ನೇ."

ಪ್ರೊಫೆಸರು ಉಣ್ಣಲಾರದೆ ಡಬ್ಬಿಯ ಮುಚ್ಚಳ ಹುಡುಕತೊಡಗಿದರು.