ಒಂದು ಹೊಗೆಗೆ ಒಂದು ಕುಡುಗೋಲು

ಗಾಂಟ್‌ವಿಲ್ ಊರಿನವರನ್ನು ಕೇಳಿದರೆ ಲೋಕದಲ್ಲಿ ಹುಲ್ಲು ಮೂರೇ ಜಾತಿ. ಮನೆ ಸುತ್ತ ಗೊಬ್ಬರ ಉಂಡು ಕೊಬ್ಬಿದ ಹುಲ್ಲು ಒಂದು. ಅದರ ಮೇಲೆ, ಬೇಸಿಗೆಯಲ್ಲಿ ದನ ಮೇಯುವ ಗುಡ್ಡದ ಹುಲ್ಲು ಎರಡು. ಅದಕ್ಕೂ ಮೇಲೆ, ಬಂಡೆಗಳ ನಡುವೆ ಪಟ್ಟಿ ಪಟ್ಟಿಯಾಗಿ ಬೆಳೆಯುವ ಕಾಡುಹುಲ್ಲು ಮೂರು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಅಂಥ ಆಡು ಕೂಡ ಅಲ್ಲಿಗೆ ಏರಲು ಹಿಂದೆಮುಂದೆ ನೋಡುತ್ತದೆ. ಮೊದಲನೆಯದು ಅವರವರದು, ಎರಡನೆಯದು ಊರಿನದು, ಮೂರನೆಯದು ಯಾರು ಮೊದಲು ಮುಟ್ಟುತ್ತಾರೋ ಅವರದು.

ಮುಟ್ಟುವುದಕ್ಕೂ ಒಂದು ಕಟ್ಟಳೆಯಿದೆ. ಆಗಸ್ಟಿನಲ್ಲಿ ಗೊತ್ತು ಮಾಡಿದ ದಿನ ಇಗರ್ಜಿಯ ಬೆಳಗಿನ ಗಂಟೆ ಹೊಡೆದ ಮೇಲೆ, ಒಲೆಗೊಬ್ಬರಂತೆ ಉದ್ದ ಹಿಡಿಯ ಕುಡುಗೋಲು ಹೊತ್ತು ಬೆಟ್ಟ ಏರಬಹುದು. ಯಾವ ಪಟ್ಟಿಯಲ್ಲಿ ಯಾರ ಕುಡುಗೋಲು ಮೊದಲು ಆಡಿತೋ ಆ ವರ್ಷ ಆ ಪಟ್ಟಿ ಅವರದು. 'ಒಂದು ಹೊಗೆಗೆ ಒಂದು ಕುಡುಗೋಲು' ಎಂದು ಯಾವುದೋ ಕಾಲದ ಹಿರಿಯರು ಬರೆದಿಟ್ಟು ಹೋಗಿದ್ದಾರೆ. ಬರೆದವರೇನೋ ನೆಮ್ಮದಿಯಾಗಿ ಮಣ್ಣಾದರು. ಅವರ ಆ ಒಂದು ಸಾಲಿನಿಂದ ಕಾಸ್ಪರನ ಮದುವೆ ಏಳು ವರ್ಷದಿಂದ ನಿಂತುಹೋಗಿತ್ತು.

ಕಾಸ್ಪರನಿಗೆ ಅರವತ್ತೊಂದು. ಪಕ್ಕದ ಮನೆಯ ಜೋಸೆಫಾಗೆ ಐವತ್ತೇಳು. ಅವನ ಹೆಂಡತಿ, ಅವಳ ಗಂಡ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಇಬ್ಬರಿಗೂ ಎರಡೆರಡು ಹಸು. ಬೆಟ್ಟ ಏರುವುದರಲ್ಲಿ ಇಬ್ಬರೂ ಊರಿಗೇ ಮುಂದು. ಹೀಗಾಗಿ ಎಲ್ಲಕ್ಕಿಂತ ಒಳ್ಳೆಯ ಎರಡು ಪಟ್ಟಿಗಳು, ಮೇಲಿನ ಸೆರಗು ಜೋಸೆಫಾಗೆ, ಕೆಳಗಿನ ಸೆರಗು ಕಾಸ್ಪರನಿಗೆ, ವರ್ಷ ವರ್ಷವೂ ತಪ್ಪದೆ ದಕ್ಕುತ್ತಿದ್ದವು. ಒಂದೊಂದು ಪಟ್ಟಿಯ ಒಣಹುಲ್ಲು ಚಳಿಗಾಲಕ್ಕೆ ಎರಡು ಹಸುವಿಗೆ ಸರಿಯಾಗುತ್ತಿತ್ತು. ಮದುವೆಯಾದರೆ ಒಲೆ ಒಂದಾಗುತ್ತದೆ, ಒಲೆ ಒಂದಾದರೆ ಪಟ್ಟಿ ಒಂದು, ಉಳಿದ ಎರಡು ಹಸು ಹಿಮ ತಿನ್ನಬೇಕು.

ಪ್ರತಿ ವರ್ಷ ಮೊದಲ ಹಿಮ ಬಿದ್ದ ದಿನ ಕಾಸ್ಪರ್ ಗಡ್ಡ ಬೋಳಿಸಿಕೊಂಡು ಜೋಸೆಫಾಳ ಮನೆಗೆ ಊಟಕ್ಕೆ ಹೋಗುತ್ತಿದ್ದ. ಅವಳು ಆಲೂಗಡ್ಡೆ, ಮ್ಯಾಕರೋನಿ, ಚೀಸು ಕಲಸಿ ಬೇಯಿಸಿ, ಪಕ್ಕಕ್ಕೆ ಸೇಬಿನ ಗೊಜ್ಜು ಬಡಿಸುತ್ತಿದ್ದಳು. ಎರಡು ತುತ್ತು ಇಳಿದ ಮೇಲೆ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಜೋಸೆಫಾ, ಎರಡೂ ಪಟ್ಟಿ ಉಳಿಯೋ ಹಂಗಿದ್ದಿದ್ರೆ ನಾವು ಮದ್ವೆ ಆಗ್ಬೋದಿತ್ತು."

"ಉಳಿಯಲ್ಲ."

"ಉಳಿಯಲ್ಲ, ಹೌದು."

"ಹಂಗಾದ್ರೆ ಉಣ್ಣು."

ಅವನು ಉಣ್ಣುತ್ತಿದ್ದ. ಮನೆಗೆ ಬಂದು ಈ ವರ್ಷವೂ ಒಪ್ಪಲಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟು ಮಲಗುತ್ತಿದ್ದ. ಅವಳ ಮೇಲೆ ಅವನಿಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಮಾತ್ರ ಅವನ ವಂಶದಲ್ಲೇ ಇರಲಿಲ್ಲ.

ಏಳನೆಯ ಚಳಿಗಾಲಕ್ಕೆ ಎಡವಟ್ಟಾಯಿತು. ಮೊದಲ ಹಿಮದ ಊಟಕ್ಕೆ ಹೋದವನು ಮರುದಿನದ ಊಟಕ್ಕೂ ಹೋದ, ಅದರ ಮರುದಿನವೂ ಹೋದ. ಕ್ರಿಸ್‌ಮಸ್ ಹೊತ್ತಿಗೆ ಅವನ ಸೌದೆಯೆಲ್ಲ ಅವಳ ಜಗಲಿಗೆ ಬಂದಿತ್ತು. ಊರ ಹುಲ್ಲುಗಾವಲು ಸಂಘದ ಅಧ್ಯಕ್ಷ ಅಂಬ್ರೋಸ್ ಎದುರು ದಿಬ್ಬದ ಮನೆಯಲ್ಲಿ ಕೂತು ಕಿಟಕಿಯಿಂದ ಎಲ್ಲರ ಚಿಮಣಿ ನೋಡುವವನು. ಕಾಸ್ಪರನ ಚಿಮಣಿ ಮೂರು ವಾರದಿಂದ ತಣ್ಣಗಿದ್ದದ್ದು ಅವನ ಕಣ್ಣಿಗೆ ಬೀಳದೆ ಇರುತ್ತದೆಯೇ. ಕೆಳಗಿನ ಸೆರಗಿನ ಮೇಲೆ ಅವನಿಗೂ ಒಂದು ಕಣ್ಣಿತ್ತು.

ಒಂದು ಮಧ್ಯಾಹ್ನ ಅಂಬ್ರೋಸ್ ಸಂಘದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹಿಮ ತುಳಿಯುತ್ತ ಬರುವುದನ್ನು ಜೋಸೆಫಾಳ ಊಟದ ಮೇಜಿನಿಂದಲೇ ಕಾಸ್ಪರ್ ನೋಡಿದ. ಎದ್ದವನೇ ಹಿತ್ತಿಲ ಬಾಗಿಲಿಂದ ತನ್ನ ಮನೆಗೆ ಓಡಿದ. ಒಲೆಗೆ ಹಾಕಲು ಒಂದು ಕಡ್ಡಿ ಸೌದೆಯಿಲ್ಲ. ಕೊಟ್ಟಿಗೆಯಿಂದ ಒದ್ದೆ ಹುಲ್ಲು ತಂದು ತುರುಕಿ ಬೆಂಕಿ ಇಟ್ಟ. ಹೊಗೆ ಬೇಕಾದಷ್ಟು ಬಂತು. ಆದರೆ ಚಿಮಣಿಯ ಬಾಯಿ ಹಿಮದಿಂದ ಕಟ್ಟಿಹೋಗಿದ್ದರಿಂದ ಅದು ಮೇಲೆ ಹೋಗದೆ ಮನೆಯೊಳಗೇ ಸಂಸಾರ ಹೂಡಿತು. ಅಂಬ್ರೋಸ್ ಬಾಗಿಲು ತೆಗೆದಾಗ ಒಳಗಿಂದ ಬರೀ ಕೆಮ್ಮು ಕೇಳುತ್ತಿತ್ತು.

"ಕಾಸ್ಪರ್, ಏನ್ ಮಾರಾಯ ಇದು?"

"ಅಡುಗೆ."

"ಏನ್ ಅಡುಗೆ?"

"ಸಾರು."

ಅಂಬ್ರೋಸ್ ತಡಕಾಡಿಕೊಂಡು ಒಲೆಯ ಹತ್ತಿರ ಬಂದು ಪಾತ್ರೆಯ ಮುಚ್ಚಳ ಎತ್ತಿದ. ಒಳಗೆ ಎರಡು ಉಂಡೆ ಉಣ್ಣೆಯ ದಾರ ಇತ್ತು.

"ಇನ್ನೂ ಬೆಂದಿಲ್ಲ ಅನ್ಸುತ್ತೆ," ಎಂದ. ಆಮೇಲೆ ಕಣ್ಣೊರೆಸಿಕೊಂಡು ಹತ್ತಿರದಿಂದ ನೋಡಿದ. "ಕುತ್ತಿಗೆಗೆ ಸಿಗ್ಸಿಕೊಂಡಿದೀಯಲ್ಲ, ಈ ಊಟದ ವಸ್ತ್ರ ಜೋಸೆಫಾದಲ್ವಾ? ಮೀಸೇಲಿ ಸೇಬಿನ ಗೊಜ್ಜು ಬೇರೆ."

ಕಾಸ್ಪರ್ ಮೀಸೆ ಒರೆಸಿಕೊಂಡ, ಅವಳದೇ ವಸ್ತ್ರದಿಂದ.

"ಏಪ್ರಿಲ್ ಸಭೇಲಿ ಇಡ್ತೀನಪ್ಪ. ನಂಗೇನು ಹೊಟ್ಟೆಕಿಚ್ಚಲ್ಲ, ಕಟ್ಟಳೆ ಕಟ್ಟಳೇನೇ," ಎಂದು ಅಂಬ್ರೋಸ್ ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೋದ. ಹೊಟ್ಟೆಕಿಚ್ಚಿಲ್ಲ ಎಂದು ತಾನಾಗಿ ಹೇಳುವವನ ಹೊಟ್ಟೆಯನ್ನು ಒಮ್ಮೆ ಮುಟ್ಟಿ ನೋಡಬೇಕು.

ಅವನು ಬಾಯಿ ತೆರೆಯುವ ಮೊದಲೇ ತಾನು ತೆರೆಯಬೇಕೆಂದು ಕಾಸ್ಪರ್ ಚಳಿಗಾಲವಿಡೀ ಕೂತು ಯೋಚಿಸಿದ. ಏಪ್ರಿಲಿನಲ್ಲಿ ಶಾಲೆಯ ಕೋಣೆಯಲ್ಲಿ ಒಲೆಗೊಬ್ಬರಂತೆ ಊರು ಸೇರಿದಾಗ ಅವನೇ ಮೊದಲು ಎದ್ದು, ಟೋಪಿ ಹಿಸುಕುತ್ತ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ.

"ಅಧ್ಯಕ್ಷರೇ, ಮೊದ್ಲಿಂದ ಬೇರೆ ಬೇರೆ ಒಲೆ ಇದ್ದ ಇಬ್ರು ಮದ್ವೆ ಆದ್ರೆ, ಆಮೇಲೂ ಅವ್ರಿಗೆ ಎರಡು ಕುಡುಗೋಲು ಇರ್ಲಿ ಅಂತ ಕಟ್ಟಳೆ ತಿದ್ದಬೇಕು."

ಕೋಣೆಯಲ್ಲಿ ಗುಸುಗುಸು ಎದ್ದಿತು. ಯಾರ ಬಗ್ಗೆ ಮಾತು ಎಂದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

"ಕೈ ಎತ್ತಿ," ಎಂದ ಅಂಬ್ರೋಸ್. ಅಧ್ಯಕ್ಷನಾದ್ದರಿಂದ ಅವನಿಗೆ ಮತವಿರಲಿಲ್ಲ, ಆ ಸಂಕಟ ಮುಖದಲ್ಲಿ ಎದ್ದು ಕಾಣುತ್ತಿತ್ತು. ಪರವಾಗಿ ಹನ್ನೊಂದು ಕೈ ಎದ್ದವು. ವಿರೋಧ ಎಂದಾಗಲೂ ಹನ್ನೊಂದು. ಎರಡು ಸಲವೂ ಕೈ ಎತ್ತದೆ ಉಳಿದವಳು ಜೋಸೆಫಾ ಒಬ್ಬಳೇ. ಕಾಸ್ಪರ್ ಅವಳ ಕಡೆ ತಿರುಗಿ ಮದುಮಗನ ಹಾಗೆ ನಕ್ಕ. ಜೋಸೆಫಾ ಹೆಣಿಗೆ ಕಡ್ಡಿ ಮಡಿಲಲ್ಲಿಟ್ಟು ನಿಧಾನವಾಗಿ ಕೈ ಎತ್ತಿದಳು.

"ಇದು ವಿರೋಧದ ಕೈ ಕಣಮ್ಮ, ಗೊತ್ತಿದ್ಯಾ?" ಎಂದ ಅಂಬ್ರೋಸ್.

"ನನ್ನ ಕಿವಿ ನೆಟ್ಟಗಿದೆ. ಬರ್ಕೊ."

ಕಾಸ್ಪರ್ ಬೆಂಚಿನ ಮೇಲೆ ಕುಸಿದು ಕೂತ. ಊರೆಲ್ಲ ನೋಡುತ್ತಿದೆ ಎಂಬುದೂ ಮರೆತುಹೋಯಿತು.

"ನಾನು ಬೇಡ ಅಂತಿದ್ರೆ ಏಳು ವರ್ಷದ ಹಿಂದೇನೇ ಹೇಳ್ಬೋದಿತ್ತು," ಎಂದ.

"ಏಳು ವರ್ಷದಿಂದ ನೀನು ನನ್ನ ಕೇಳಿರೋದೇನು?" ಜೋಸೆಫಾ ಎದ್ದು ನಿಂತಳು. "ಎರಡು ಪಟ್ಟಿ ಉಳಿಯುತ್ತಾ ಅಂತ. ಉಳಿಯಲ್ಲ ಅಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಇವತ್ತು ಊರವ್ರನ್ನೆಲ್ಲ ಕೇಳ್ದೆ, ಅವ್ರೂ ಉತ್ತರ ಕೊಟ್ರು. ಹುಲ್ಲು ಪಕ್ಕಕ್ಕಿಟ್ಟು ನನ್ನ ಯಾವತ್ತಾದ್ರೂ ಕೇಳಿದೀಯಾ?"

ಕಾಸ್ಪರ್ ಯೋಚಿಸಿದ. ಏಳೂ ಊಟಗಳನ್ನು ಒಂದೊಂದಾಗಿ ನೆನೆದ. ಅವಳು ಹೇಳಿದ್ದು ನಿಜವಾಗಿತ್ತು.

"ಆದ್ರೆ ಹಸು..." ಎಂದು ಬಾಯಿಗೆ ಬಂದುಬಿಟ್ಟಿತು. ಇಡೀ ಕೋಣೆ ಹಣೆ ಚಚ್ಚಿಕೊಂಡಿತು. ಹಿಂದಿನ ಬೆಂಚಿನಿಂದ ಯಾರೋ, "ಇವ್ನ ಬಾಯಿಗೆ ಹುಲ್ಲು ತುರುಕ್ರೋ," ಎಂದರು.

ಕಾಸ್ಪರ್ ಎದ್ದು ನಿಂತ. ಟೋಪಿ ಬೆಂಚಿನ ಮೇಲಿಟ್ಟ.

"ಜೋಸೆಫಾ, ಒಂದು ಪಟ್ಟಿ ಹೋಗ್ಲಿ. ಬೇಕಾದ್ರೆ ಎರಡೂ ಹೋಗ್ಲಿ. ನಿನ್ನ ಬಿಟ್ಟು ಆ ಮನೇಲಿ ಕೂತ್ಕೊಳಕ್ಕೆ ನನ್ನ ಕೈಲಾಗಲ್ಲ. ನನ್ನ ಮದ್ವೆ ಆಗ್ತೀಯಾ?"

"ಎರಡೂ ಯಾಕೆ ಹೋಗ್ಬೇಕು, ಪೆದ್ದ. ಒಂದು ಹೋದ್ರೆ ಸಾಕು," ಎಂದಳು ಜೋಸೆಫಾ. ಅವಳ ಕಣ್ಣು ಒದ್ದೆಯಾಗಿತ್ತು. "ಆಗ್ತೀನಿ."

ಮುಂದೇನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅಂಬ್ರೋಸನಿಗೆ ತಿಳಿದಿದ್ದು ಒಂದೇ ಕೆಲಸ. "ಪರ ಇರೋರು ಕೈ ಎತ್ತಿ," ಎಂದ.

ಎಲ್ಲ ಕೈಗಳೂ ಎದ್ದವು. ಅರ್ಧದಷ್ಟು ಜನಕ್ಕೆ ಮದುವೆಯ ಸಂತೋಷ, ಉಳಿದರ್ಧಕ್ಕೆ ಆಗಸ್ಟಿನಲ್ಲಿ ಒಂದು ಒಳ್ಳೆಯ ಪಟ್ಟಿ ಖಾಲಿ ಬೀಳುತ್ತದೆಂಬ ಸಂತೋಷ. ಮತವಿಲ್ಲದ ಅಂಬ್ರೋಸ್ ಕೂಡ ಎತ್ತಿಬಿಟ್ಟಿದ್ದ. ಎಣಿಸಿ ಮುಗಿದ ಮೇಲೆ ಎಲ್ಲರೂ ಇಳಿಸಿದರು. ಕಾಸ್ಪರ್ ಮಾತ್ರ ಎತ್ತಿದ ಕೈ ಎತ್ತಿಕೊಂಡೇ ನಿಂತಿದ್ದ. ಜೋಸೆಫಾ ಬೆಂಚುಗಳನ್ನು ದಾಟಿಕೊಂಡು ಬಂದು ಅದನ್ನು ಹಿಡಿದು ಇಳಿಸಿದಳು, ಆಮೇಲೆ ಬಿಡಲಿಲ್ಲ.