ಹದಿನೇಳನೇ ನಂಬರಿನ ಮರ

ಸೋಮವಾರ ಬಂತೆಂದರೆ ಬಂಡೆಪ್ಪನಿಗೆ ಒಂದೇ ಕೆಲಸ. ವಡಾಲದ ಮೈದಾನದ ನಲವತ್ತು ಮರಗಳ ಮುಂದೆ ಒಂದೊಂದಾಗಿ ನಿಲ್ಲುವುದು, ಫೋಟೊ ಹೊಡೆಯುವುದು, ಮೊಬೈಲಿನಲ್ಲಿ ಹಸಿರು ಗುಂಡಿಯನ್ನೋ ಕೆಂಪು ಗುಂಡಿಯನ್ನೋ ಒತ್ತುವುದು. ಹಸಿರೆಂದರೆ ಬದುಕಿದೆ, ಕೆಂಪೆಂದರೆ ಸತ್ತಿದೆ. ರಸ್ತೆ ಅಗಲ ಮಾಡುವಾಗ ಕಿತ್ತ ಮರಗಳನ್ನು ತಂದು ಇಲ್ಲಿ ನೆಟ್ಟದ್ದು ಒಂದು ಕಂಪನಿ. ಜಾಗ ಕೊಟ್ಟದ್ದು ಸರ್ಕಾರದ ಒಂದು ಇಲಾಖೆ. ಇಬ್ಬರೂ ಕೈಕೈ ಹಿಡಿದು ಮುಂಬೈಯನ್ನು ಹಸಿರು ಮಾಡುತ್ತಿದ್ದೇವೆ ಎಂದು ಗೇಟಿನ ಬಳಿ ಆಳೆತ್ತರದ ಬೋರ್ಡು ಬೇರೆ. ಕೈ ಹಿಡಿದವರಿಗೆ ಕೊಡ ಹಿಡಿಯಲು ಪುರುಸೊತ್ತೆಲ್ಲಿ? ನೀರು ಹಾಕಲು ಸೇಡಂ ಕಡೆಯ ಈ ಬಂಡೆಪ್ಪನನ್ನು ಇಟ್ಟುಕೊಂಡಿದ್ದರು.

ಹದಿನೇಳನೇ ನಂಬರಿನದು ಎಲ್ಲಕ್ಕಿಂತ ದೊಡ್ಡ ಮಳೆಮರ. ಅದು ಸತ್ತು ವರ್ಷವಾಗಿತ್ತು. ಬಂಡೆಪ್ಪ ಉಗುರಿನಿಂದ ತೊಗಟೆ ಕೆರೆದು ನೋಡುವವನು. ಒಳಗೆ ಹಸಿರು ಕಂಡರೆ ಜೀವ ಇದೆ ಎಂದರ್ಥ. ಇದರಲ್ಲಿ ಎಲ್ಲಿ ಕೆರೆದರೂ ಒಣ ಕಂದು. ಮೊದಲ ಸಲ ಕಂಪನಿಯ ಸೂಪರ್‌ವೈಸರ್ ಪ್ರೀತಮ್‌ಗೆ ಹೇಳಿದಾಗ ಅವನು ನಕ್ಕುಬಿಟ್ಟ.

"ಟೆನ್ಶನ್ ಬೇಡ ಮಾರಾಯ. ಹಸಿರು ಒತ್ತು. ಕೆಂಪು ಬಂದ್ರೆ ಕಂಪನಿಗೆ ದಂಡ, ನಿಂಗೆ ಮನೆ ದಾರಿ."

ಮರುವಾರವೇ ಪ್ರೀತಮ್ ಮರದ ಬುಡದಲ್ಲಿ ಬಳ್ಳಿ ನೆಡಿಸಿದ. ಬಳ್ಳಿ ಸರಸರ ಏರಿತು, ಕೊಂಬೆಕೊಂಬೆಗೂ ಹಬ್ಬಿತು, ಫೋಟೊದಲ್ಲಿ ಹಸಿರೋ ಹಸಿರು. ಬಂಡೆಪ್ಪ ಐವತ್ತು ಸೋಮವಾರ ಹಸಿರು ಒತ್ತಿದ. ಹೊಟ್ಟೆಪಾಡು, ಏನು ಮಾಡುವುದು?

ಹಾಳಾದ್ದು, ಅದು ಅಲ್ಲಿಗೇ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಕಂಪನಿ-ಇಲಾಖೆಯ ಅದೇ ಜೋಡಿ ಇನ್ನೊಂದು ಯೋಜನೆ ತಂದಿತು. ಬೀದಿಯಲ್ಲಿ ಕೂತು ಮಾರುವ ಹೆಂಗಸರಿಗೆ ಮರದಡಿ ಕಾಯಂ ಜಾಗ, ಕೊರಳಿಗೆ ಕಾರ್ಡು. ಯಾವ ಮರ ಗಟ್ಟಿ ಎಂದು ಮೊಬೈಲ್ ನೋಡಿಯೇ ಆರಿಸಿದರು. ಒಮ್ಮೆಯೂ ಕೆಂಪಾಗದ ಹದಿನೇಳಕ್ಕೇ ಮೊದಲ ಮರ್ಯಾದೆ. ಅದರ ಕೊಂಬೆಗಳಿಂದ ಸುತ್ತಲಿನ ಕಂಬಗಳಿಗೆ ಕಂಪನಿಯ ಹೆಸರಿದ್ದ ದೊಡ್ಡ ಪ್ಲಾಸ್ಟಿಕ್ ತಾಡಪತ್ರಿ ಎಳೆದು ಕಟ್ಟಿ, ಅಡಿಯಲ್ಲಿ ಇಪ್ಪತ್ತು ಹೆಂಗಸರನ್ನು ಕೂರಿಸಿದರು. ಚೀಟಿ ಎತ್ತಿದಾಗ ಬುಡಕ್ಕೇ ಅಂಟಿದ ಜಾಗ ಬಂದದ್ದು ಯಾರಿಗೆ? ಬಂಡೆಪ್ಪನ ಹೆಂಡತಿ ಸುಂದ್ರವ್ವನಿಗೆ!

ಸುಂದ್ರವ್ವ ಹನ್ನೊಂದು ವರ್ಷ ಸ್ಟೇಷನ್ನಿನ ಹೊರಗೆ ಕೊತ್ತಂಬರಿ, ಮೆಂತ್ಯ ಮಾರಿದವಳು. ಅಂಗಡಿ ಎತ್ತಿಸುವ ಮುನ್ಸಿಪಾಲಿಟಿ ಗಾಡಿ ಮೂಲೆಯಲ್ಲಿ ಕಂಡರೆ ಸಾಕು, ಯಾರಾದರೊಬ್ಬರು "ಗಾಡಿ ಆಯೀ!" ಎಂದು ಕೂಗಬೇಕು, ಎಲ್ಲರೂ ಗೋಣಿ ಸುತ್ತಿಕೊಂಡು ದಿಕ್ಕಾಪಾಲಾಗಬೇಕು. ನಿಂತರೆ ಮಾಲು ಹೋಯಿತು. ಅಂಥವಳಿಗೆ ಈಗ ಓಡಬೇಕಿಲ್ಲದ ಜಾಗ, ಗಾಡಿಯವರಿಗೆ ತೋರಿಸಲು ಕಾರ್ಡು. ಪಕ್ಕದಲ್ಲಿ ಶೈಲಾ, ಈ ಯೋಜನೆಯಲ್ಲೇ ಮೊದಲ ಸಲ ವ್ಯಾಪಾರಕ್ಕೆ ಕೂತ ಹುಡುಗಿ. ಗಾಡಿಯ ಭಯ ಕಂಡವಳಲ್ಲ. ದಿನಕ್ಕೆ ನಾಲ್ಕು ಸಲ ಕಾರ್ಡನ್ನು ಸೆರಗಿನಿಂದ ಒರೆಸಿ ನೋಡುತ್ತಿದ್ದಳು.

ಬಂಡೆಪ್ಪ ಮರುದಿನವೇ ಇಲಾಖೆಯ ಇಂಜಿನಿಯರ್ ಶಶಿಕಾಂತನ ಬಳಿ ಹೋಗಿ, ಸಾಹೇಬರೇ, ಮರ ಸತ್ತಿದೆ, ಕಡಿಸಿಬಿಡಿ ಎಂದು ಕೈಮುಗಿದ. ಶಶಿಕಾಂತ ಮೊಬೈಲ್ ತಿರುಗಿಸಿ ತೋರಿಸಿದ.

"ಅರೆ ಬಾಬಾ, ಐವತ್ತು ವಾರವೂ ಹಸಿರು. ಒತ್ತಿದವನು ನೀನೇ. ಬದುಕಿರೋ ಮರ ಕಡಿಸಿದ್ರೆ ಕೇಸು ಬೀಳೋದು ನನ್ನ ಮೇಲೆ. ಹೋಗು."

ಹೆಂಡತಿಗೆ ಹೇಳಿದರೆ ಅವಳು ಉರಿದುಬಿದ್ದಳು.

"ವರ್ಷಗಟ್ಲೆ ಹಸಿರು ಹಸಿರು ಅಂದ್ರಿ. ಈಗ ನನಗ ಜಾಗ ಸಿಕ್ಕದ, ಮರ ಸತ್ತದ ಅಂತೀರಿ? ಮತ್ತ ಓಡು ಅಂತೀರೇನು? ನಾ ಏಳಂಗಿಲ್ಲ ನೋಡ್ರಿ."

ಜೂನ್ ಎರಡನೇ ವಾರ, ನಡುಹಗಲಿಗೇ ಕಡಲ ಕಡೆಯಿಂದ ಆಕಾಶ ಕಪ್ಪಿಟ್ಟಿತು. ಗಾಳಿ ಎದ್ದು ತಾಡಪತ್ರಿ ಉಬ್ಬಿತು. ಮಳೆ ಬಿದ್ದದ್ದೇ ತಡ, ಇಪ್ಪತ್ತೂ ಹೆಂಗಸರು ಬುಟ್ಟಿ ಎಳೆದುಕೊಂಡು ಬುಡಕ್ಕೆ ಒತ್ತಿ ಕೂತರು. ಓಡಿಬಂದ ಬಂಡೆಪ್ಪ ನೆಲ ನೋಡಿ ನಿಂತುಬಿಟ್ಟ. ಬುಡದ ಮಣ್ಣು ಉಸಿರಾಡುತ್ತಿತ್ತು. ಗಾಳಿ ತಾಡಪತ್ರಿಯನ್ನು ಎಳೆದಾಗ ನೆಲ ನಾಲ್ಕು ಬೆರಳು ಮೇಲೇಳುತ್ತಿತ್ತು, ಬಿಟ್ಟಾಗ ಕೂರುತ್ತಿತ್ತು.

"ಹೊರಗ ಬರ್ರಿ! ಮರ ಬೀಳ್ತದ!"

"ಹಗಲಿಗೇ ಕುಡಿದು ಬಂದಾನ," ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಬಂಡೆಪ್ಪ ಹೆಂಡತಿಯ ಕೈ ಹಿಡಿದೆಳೆದು ಅಂಗೈಯನ್ನು ಮಣ್ಣಿಗೆ ಒತ್ತಿದ. ಅಂಗೈಯಡಿ ನೆಲ ಎದ್ದಿತು. ಸುಂದ್ರವ್ವನ ಮುಖ ಬಿಳಿಚಿತು.

"ಮೊದಲೇ ಗೊತ್ತಿತ್ತಲ್ರಿ ನಿಮಗ," ಎಂದಳು, ಅಷ್ಟೇ.

ಆಮೇಲೆ ಅವಳು ಮರದ ಸುದ್ದಿಯನ್ನೇ ಎತ್ತಲಿಲ್ಲ. ಸೆರಗು ಸಿಕ್ಕಿಸಿ ಎದ್ದು, ಹನ್ನೊಂದು ವರ್ಷದ ಗಂಟಲನ್ನೆಲ್ಲ ತೆರೆದು ಕೂಗಿದಳು.

"ಗಾಡಿ ಆಯೀ! ಗಾಡಿ ಆಯೀ!"

ಕೊರಳಲ್ಲಿ ಕಾರ್ಡಿದೆ ಎಂಬುದು ಯಾರ ಕಾಲಿಗೂ ನೆನಪಾಗಲಿಲ್ಲ. ಹೆಂಗಸರು ಗೋಣಿ, ಬುಟ್ಟಿ ಸಿಕ್ಕಿದ್ದನ್ನು ಬಾಚಿಕೊಂಡು ಮಳೆಯಲ್ಲಿ ಚೆದುರಿ ಓಡಿದರು. ಗೇಟಿನವರೆಗೆ ಓಡಿದ ಬಂಡೆಪ್ಪ ಹಿಂದೆ ಏನೋ ಲಟಲಟನೆ ಮುರಿದದ್ದು ಕೇಳಿ ತಿರುಗಿದ.

ಶೈಲಾ ಕದಲಿರಲಿಲ್ಲ. ಬುಡದಲ್ಲೇ ನಿಂತು, ಬಾರದ ಗಾಡಿಯ ಕಡೆಗೆ ಕಾರ್ಡನ್ನು ಎತ್ತಿ ಹಿಡಿದು ನಗುತ್ತಿದ್ದಳು.

"ನಾ ಯಾಕ ಓಡ್ಲಿ? ನನ್ನ ಹತ್ರ ಕಾರ್ಡ್ ಅದ ಅಲ್ರೀ!"

ಬಂಡೆಪ್ಪ ಅವಳ ಹೆಸರು ಕೂಗುತ್ತಾ ವಾಪಸು ಓಡಿದ. ಅವಳ ತಲೆಯ ಮೇಲೆ, ಐವತ್ತು ವಾರದ ಆ ಹಸಿರೆಲ್ಲ ಒಟ್ಟಿಗೆ ಕೆಳಗೆ ಬರುತ್ತಿತ್ತು.